ಶುಭ ಶುಕ್ರವಾರದ ‘ಶುಭ’ ಎಲ್ಲಿದೆ?

ಕ್ರೈಸ್ತರ ಪಂಚಾಂಗದಲ್ಲಿ ಅತ್ಯಂತ ದುಃಖದ ದಿನಕ್ಕೆ ‘ಶುಭ ಶುಕ್ರವಾರ’ ಎಂಬ ಹೆಸರಿದೆ. ನಿರಪರಾಧಿಯೊಬ್ಬನನ್ನು ಕೊರಡೆಗಳಿಂದ ಹೊಡೆದು, ಊರ ಹೊರಗೆ ಶಿಲುಬೆಗೇರಿಸಿ ಕೊಂದ ದಿನವದು. ಅಂದು ಚರ್ಚುಗಳಲ್ಲಿ ಹಬ್ಬದ ಗಂಟೆ ಬಾರಿಸುವುದಿಲ್ಲ, ಭಕ್ತರು ಉಪವಾಸವಿರುತ್ತಾರೆ. ಇದನ್ನರಿಯದ ಗೆಳೆಯರು ಅಂದು ಬೆಳಿಗ್ಗೆ ‘ಹಬ್ಬದ ಶುಭಾಶಯ’ ಎಂದು ಸಂದೇಶ ಕಳುಹಿಸಿ, ಆಮೇಲೆ ವಿಷಯ ತಿಳಿದು ಪೇಚಾಡುವುದುಂಟು. ಅವರ ತಪ್ಪೇನೂ ಇಲ್ಲ. ‘ಶುಭ’ ಎಂಬ ಪದವೇ ಅವರನ್ನು ದಾರಿ ತಪ್ಪಿಸಿದೆ. ಕೊಲೆಯ ದಿನವನ್ನು ಶುಭವೆಂದು ಕರೆಯುವುದಾದರೂ ಹೇಗೆ?

ಈ ಪ್ರಶ್ನೆಯನ್ನು ಕ್ರೈಸ್ತೇತರರು ಸೌಜನ್ಯಕ್ಕಾಗಿ ಕೇಳುವುದಿಲ್ಲ. ಕ್ರೈಸ್ತರೂ ತಮ್ಮನ್ನು ತಾವು ಕೇಳಿಕೊಳ್ಳುವುದು ಅಪರೂಪವಾಗಿದೆ. ಆದರೆ ಆ ಧರ್ಮದ ಹೃದಯವಿರುವುದೇ ಇಲ್ಲಿ. ಕಷ್ಟವೆಂಬುದು ಮನುಷ್ಯನನ್ನು ಕುಗ್ಗಿಸುತ್ತದೆ, ಕಹಿಯಾಗಿಸುತ್ತದೆ. ಅದು ನಮ್ಮೆಲ್ಲರ ಅನುಭವ. ಅದೇ ಕಷ್ಟದ ನಡುವೆ ಒಬ್ಬ ವ್ಯಕ್ತಿ ಒಳಗಿನಿಂದ ಬೆಳೆಯಬಹುದು, ಆನಂದವನ್ನೂ ಕಾಣಬಹುದು ಎಂದು ಕ್ರೈಸ್ತ ಧರ್ಮ ಹೇಳುತ್ತದೆ. ಈ ಮಾತನ್ನು ನಂಬುವುದು ಹೇಗೆ?

ಇದಕ್ಕೆ ಎರಡು ಸುಲಭದ ಉತ್ತರಗಳು ಚಲಾವಣೆಯಲ್ಲಿವೆ. ಮೊದಲನೆಯದು ದೂರದರ್ಶನದ ಧರ್ಮಪ್ರಚಾರಕರದ್ದು. ನಿಮ್ಮ ನಂಬಿಕೆ ದೃಢವಾಗಿದ್ದರೆ ರೋಗ ವಾಸಿಯಾಗುತ್ತದೆ, ಸಾಲ ತೀರುತ್ತದೆ, ಮಕ್ಕಳಿಗೆ ವಿದೇಶದಲ್ಲಿ ಕೆಲಸ ಸಿಗುತ್ತದೆ ಎಂಬುದು ಅವರ ಬೋಧನೆ. ಹಾಗಾದರೆ ರೋಗ ವಾಸಿಯಾಗದವನ ಗತಿಯೇನು? ಅವನಿಗೆ ರೋಗದ ಜೊತೆಗೆ ‘ನಂಬಿಕೆ ಸಾಲದು’ ಎಂಬ ಅಪವಾದವೂ ಅಂಟಿಕೊಳ್ಳುತ್ತದೆ. ಎರಡನೆಯ ಉತ್ತರ ಸಾವಿನ ಮನೆಗಳಲ್ಲಿ ಕೇಳಿಬರುವಂಥದ್ದು: ಎಲ್ಲವೂ ದೇವರ ಚಿತ್ತ, ನಿಮ್ಮ ಒಳಿತಿಗಾಗಿಯೇ ಅವನು ಇದನ್ನು ಕಳುಹಿಸಿದ್ದಾನೆ, ಸಹಿಸಿಕೊಳ್ಳಿ. ಉಳಿಪೆಟ್ಟು ಬೀಳದೆ ಕಲ್ಲು ಮೂರ್ತಿಯಾಗದು ಎಂಬ ನಮ್ಮ ನಾಣ್ಣುಡಿಯೂ ಇದಕ್ಕೆ ಒತ್ತಾಸೆಯಾಗಿ ಬರುತ್ತದೆ. ಆದರೆ ಕಲ್ಲಿಗೆ ನೋವಿಲ್ಲ, ಮನುಷ್ಯನಿಗಿದೆ ಎಂಬುದನ್ನು ಹೇಳುವವರು ಮರೆತಿರುತ್ತಾರೆ.

ಬೈಬಲ್ ಈ ಎರಡೂ ಉತ್ತರಗಳನ್ನು ಒಪ್ಪುವುದಿಲ್ಲ ಎಂಬುದನ್ನು ಗಮನಿಸಬೇಕು. ಯೋಬನ ಗ್ರಂಥವನ್ನೇ ನೋಡೋಣ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ಬಳಿಗೆ ಗೆಳೆಯರು ಬರುತ್ತಾರೆ. ಏಳು ದಿನ ಅವನೊಡನೆ ನೆಲದ ಮೇಲೆ ಮೌನವಾಗಿ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದದ್ದೇ ತಡ, ನೀನೇನೋ ಪಾಪ ಮಾಡಿರಬೇಕು ಎಂದು ವಾದಿಸತೊಡಗುತ್ತಾರೆ. ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾಗುವವರು, ದೇವರನ್ನೇ ಪ್ರಶ್ನಿಸಿದ ಯೋಬನಲ್ಲ, ದೇವರ ಪರವಾಗಿ ವಕಾಲತ್ತು ವಹಿಸಿದ ಈ ಗೆಳೆಯರು. ಹುಟ್ಟುಕುರುಡನೊಬ್ಬನನ್ನು ಕಂಡಾಗ ಶಿಷ್ಯರು ಯೇಸುವನ್ನು ಕೇಳುವುದೂ ಇದೇ ಪ್ರಶ್ನೆಯನ್ನೇ: ಪಾಪ ಯಾರದು, ಇವನದೋ ಇವನ ತಂದೆತಾಯಿಗಳದೋ? ಇಬ್ಬರದೂ ಅಲ್ಲ ಎನ್ನುವ ಯೇಸು ಅವನಿಗೆ ಕಣ್ಣು ಕೊಡುವ ಕೆಲಸಕ್ಕೆ ಕೈಹಾಕುತ್ತಾನೆ. ಸ್ವತಃ ಯೇಸು ಗೆತ್ಸೇಮನೆ ತೋಟದಲ್ಲಿ ತನ್ನ ಪಾಲಿನ ಯಾತನೆ ತಪ್ಪಲೆಂದು ಪ್ರಾರ್ಥಿಸಿದನೇ ಹೊರತು ಅದನ್ನು ಬಯಸಿ ಹೋಗಲಿಲ್ಲ.

ಹಾಗಾದರೆ ಕಷ್ಟದಿಂದ ಬೆಳವಣಿಗೆ ಎಂಬುದರ ಅರ್ಥವೇನು? ಇದಕ್ಕೆ ತತ್ವಶಾಸ್ತ್ರಕ್ಕಿಂತ ಒಂದು ಊರಿನ ಕಥೆ ಹೆಚ್ಚು ಸಹಾಯಕ. ಕೋಲಾರ, ಬೆಂಗಳೂರು ಕಡೆಯವರಿಗೆ ವೆಲ್ಲೂರು ಅಪರಿಚಿತವಲ್ಲ. ಚೆನ್ನೈ ರೈಲು ಹಿಡಿದು ಕಾಟ್ಪಾಡಿಯಲ್ಲಿ ಇಳಿಯುವವರ ಕೈಯಲ್ಲಿ ಎಕ್ಸ್‌ರೇ ಲಕೋಟೆಗಳಿರುವುದು ಸಾಮಾನ್ಯ ದೃಶ್ಯ. ಅಮೆರಿಕದ ಮಿಷನರಿ ಕುಟುಂಬದ ಇಡಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯೊಂದಿಗೆ ಆರಂಭಿಸಿದ ಚಿಕಿತ್ಸಾಲಯ ಇಂದು ಅಲ್ಲಿ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜ್ ಆಗಿ ಬೆಳೆದಿದೆ. ಯುವತಿಯಾಗಿದ್ದಾಗ ಒಂದೇ ರಾತ್ರಿ ಮೂವರು ಗರ್ಭಿಣಿಯರು, ಪುರುಷ ವೈದ್ಯರ ಕೈಯಿಂದ ಹೆರಿಗೆ ಮಾಡಿಸಿಕೊಳ್ಳಲು ಕುಟುಂಬದವರು ಒಪ್ಪದ ಕಾರಣ ಸತ್ತದ್ದನ್ನು ಕಂಡು ಆಕೆ ವೈದ್ಯೆಯಾಗಲು ನಿರ್ಧರಿಸಿದರು. ಆ ಮೂರು ಸಾವುಗಳು ದೇವರ ಯೋಜನೆಯೆಂದು ಹೇಳುವುದು ಕ್ರೌರ್ಯ. ಆ ಸಾವುಗಳನ್ನು ಕಂಡೂ ಸುಮ್ಮನಿರಲಾಗದ ಮನಸ್ಸು ದೇವರದೆಂದು ಒಬ್ಬ ವಿಶ್ವಾಸಿ ಹೇಳಿದರೆ ಅದು ಅರ್ಥವಾಗುವಂಥ ಮಾತು.

ಇದೇ ಆಸ್ಪತ್ರೆಗೆ 1946ರಲ್ಲಿ ಬಂದವರು ಪಾಲ್ ಬ್ರ್ಯಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮಿಷನರಿ ದಂಪತಿಗೆ ಹುಟ್ಟಿದ ಇವರನ್ನು ಒಂಬತ್ತರ ವಯಸ್ಸಿನಲ್ಲಿ ಓದಿಗಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. 1929ರಲ್ಲಿ ತಂದೆ ಬೆಟ್ಟದ ಮೇಲೆಯೇ ಜ್ವರದಿಂದ ತೀರಿಕೊಂಡರು. ಸುದ್ದಿ ತಂತಿಯಲ್ಲಿ ಬಂತು. ತಂದೆ ಸಾಯುವ ಮುನ್ನ ಬರೆದ ಪತ್ರಗಳು ಹಡಗಿನಲ್ಲಿ ನಿಧಾನವಾಗಿ ಸಾಗಿ, ಸಾವಿನ ಸುದ್ದಿಯ ನಂತರ ಹುಡುಗನ ಕೈ ಸೇರಿದವು. ತಾಯಿ ಎವೆಲಿನ್ ಮಾತ್ರ ಮತ್ತೆ ಬೆಟ್ಟಕ್ಕೇ ಮರಳಿದರು. ನಿವೃತ್ತಿಯ ವಯಸ್ಸು ಮೀರಿದ ಮೇಲೂ ಕುದುರೆಯೇರಿ ಹಳ್ಳಿ ಹಳ್ಳಿ ಸುತ್ತಿ, 1974ರಲ್ಲಿ 95ರ ವಯಸ್ಸಿನಲ್ಲಿ ಕೊನೆಯುಸಿರೆಳೆಯುವವರೆಗೆ ಅಲ್ಲಿನ ಜನರ ನಡುವೆಯೇ ಇದ್ದರು.

ಪಾಲ್ ಬ್ರ್ಯಾಂಡ್ ಅವರ ಸಾಧನೆ ಕುಷ್ಠರೋಗಕ್ಕೆ ಸಂಬಂಧಿಸಿದ್ದು. ಈ ರೋಗದಲ್ಲಿ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆ ಎಂದು ಆಗ ವೈದ್ಯರೂ ನಂಬಿದ್ದರು. ರೋಗ ಮುಖ್ಯವಾಗಿ ಘಾಸಿಗೊಳಿಸುವುದು ನರಗಳನ್ನು. ನೋವಿನ ಅರಿವು ಇಲ್ಲದಿರುವುದೇ ಅಂಗಹಾನಿಗೆ ಕಾರಣ ಎಂಬುದನ್ನು ಅವರು ತೋರಿಸಿಕೊಟ್ಟರು. ಬಿಸಿ ಪಾತ್ರೆ ಹಿಡಿದರೂ ಕೈ ಹಿಂದಕ್ಕೆ ಬರುವುದಿಲ್ಲ. ಮೊಳೆ ಚುಚ್ಚಿದ ಕಾಲಿನಲ್ಲಿಯೇ ರೋಗಿ ಮೈಲಿಗಟ್ಟಲೆ ನಡೆಯುತ್ತಾನೆ. ಕೆಲವರ ಬೆರಳುಗಳು ರಾತ್ರೋರಾತ್ರಿ ಮಾಯವಾಗುತ್ತಿದ್ದುದಕ್ಕೆ ಕಾರಣ ಹುಡುಕಿದಾಗ, ನಿದ್ದೆಯಲ್ಲಿದ್ದವರ ಬೆರಳುಗಳನ್ನು ಇಲಿಗಳು ಕಡಿಯುತ್ತಿದ್ದುದು ಪತ್ತೆಯಾಯಿತು. ಪರಿಹಾರ ಸರಳವಾಗಿತ್ತು: ರೋಗಿಗಳಿಗೆ ಬೆಕ್ಕುಗಳನ್ನು ಕೊಡಲಾಯಿತು.

ಬ್ರ್ಯಾಂಡ್ ಒಮ್ಮೆ ಪ್ರಯಾಣದ ಆಯಾಸದಲ್ಲಿ ಬೂಟು ಕಳಚುವಾಗ ತಮ್ಮ ಹಿಮ್ಮಡಿಯಲ್ಲಿ ಸ್ಪರ್ಶಜ್ಞಾನವೇ ಇಲ್ಲವೆಂದು ಗಮನಿಸಿದರು. ರೋಗ ತಮಗೂ ಅಂಟಿತೆಂದು ಭಾವಿಸಿ ರಾತ್ರಿಯಿಡೀ ನರಳಿದರು. ಬೆಳಿಗ್ಗೆ ಸೂಜಿಯಿಂದ ಚುಚ್ಚಿಕೊಂಡಾಗ ನೋವಾಯಿತು! ಆ ನೋವಿನಷ್ಟು ಸಂತೋಷ ಕೊಟ್ಟದ್ದು ಬೇರೊಂದಿಲ್ಲ ಎಂಬ ಅರ್ಥದಲ್ಲಿ ಅವರು ಅದನ್ನು ನೆನೆದಿದ್ದಾರೆ. ಮುಂದೆ ಅಮೆರಿಕದಲ್ಲಿ, ಸ್ಪರ್ಶಜ್ಞಾನ ಕಳೆದುಕೊಂಡವರಿಗಾಗಿ ಕೃತಕ ನೋವಿನ ಉಪಕರಣವೊಂದನ್ನು ರೂಪಿಸಲು ಅವರ ತಂಡ ಯತ್ನಿಸಿ ವಿಫಲವಾಯಿತು. ಎಚ್ಚರಿಕೆಯ ಸಂಕೇತ ತೊಡಕೆನಿಸಿದಾಗ ರೋಗಿಗಳು ಅದನ್ನು ಆರಿಸಿಬಿಡುತ್ತಿದ್ದರು. ನೋವನ್ನು ನಿರ್ಲಕ್ಷಿಸುವ ಸ್ವಾತಂತ್ರ್ಯವಿದ್ದರೆ ನಾವು ನಿರ್ಲಕ್ಷಿಸುತ್ತೇವೆ ಎಂಬ ಪಾಠ ಇದರಲ್ಲಿದೆ.

ಈ ಪಾಠ ದೇಹಕ್ಕಷ್ಟೇ ಸೀಮಿತವಲ್ಲ. ಕಷ್ಟ ಕಾಣದ ಬದುಕು ಪರರ ಕಷ್ಟಕ್ಕೆ ಮರಗಟ್ಟುವ ಅಪಾಯ ಎಲ್ಲ ಕಾಲಕ್ಕೂ ಇದೆ. ಕಾವಲುಗಾರರಿರುವ ಬಡಾವಣೆಗಳಲ್ಲಿ, ಹವಾನಿಯಂತ್ರಿತ ಕಾರುಗಳಲ್ಲಿ ಬದುಕುವ ನಮ್ಮ ಮಧ್ಯಮ ವರ್ಗದ ಒಂದು ಭಾಗಕ್ಕೆ ಈಗ ಆಗಿರುವುದು ಬಹುಶಃ ಇದೇ. ಸಂತ ಪೌಲ ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಹದಗೊಂಡ ನಡತೆ ಹುಟ್ಟುತ್ತದೆ ಎಂದು ಬರೆದಾಗ ಅವನು ನೋವಿನ ಗುಣಗಾನ ಮಾಡುತ್ತಿರಲಿಲ್ಲ. ನೋವು ನಮ್ಮನ್ನು ಎಚ್ಚರವಾಗಿಡಬಲ್ಲದು, ಪರರ ಬದುಕಿಗೆ ನಮ್ಮನ್ನು ಬೆಸೆಯಬಲ್ಲದು ಎನ್ನುತ್ತಿದ್ದ. ‘ಬಲ್ಲದು’ ಎಂಬ ಪದವನ್ನು ಇಲ್ಲಿ ಅಡಿಗೆರೆ ಹಾಕಿ ಓದಬೇಕು. ಅದೇ ನೋವು ಇನ್ನೊಬ್ಬನನ್ನು ಮುರಿದು ಹಾಕಲೂಬಹುದು. ಮುರಿದವನನ್ನು ದೂಷಿಸುವ ಹಕ್ಕು ಯಾರಿಗೂ ಇಲ್ಲ.

ಬ್ರ್ಯಾಂಡ್ ಅವರ ಶಿಷ್ಯೆ ಮೇರಿ ವರ್ಗೀಸ್ ಅವರ ಬದುಕು ಈ ಮಾತಿಗೆ ಇನ್ನಷ್ಟು ಆಳವಾದ ಸಾಕ್ಷಿ. ಕೊಚ್ಚಿಯಲ್ಲಿ ಹುಟ್ಟಿ ವೆಲ್ಲೂರಿನಲ್ಲಿ ವೈದ್ಯೆಯಾದ ಈಕೆ ಸ್ತ್ರೀರೋಗ ತಜ್ಞೆಯಾಗುವ ತಯಾರಿಯಲ್ಲಿದ್ದಾಗ, 1954ರಲ್ಲಿ ಸಹೋದ್ಯೋಗಿಗಳೊಡನೆ ಪ್ರಯಾಣಿಸುತ್ತಿದ್ದ ವಾಹನ ಉರುಳಿಬಿತ್ತು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ದೇಹ ಸ್ವಾಧೀನ ಕಳೆದುಕೊಂಡಿತು. ಮುಖದ ಮೇಲೆ ಮಾಸದ ಗಾಯ ಉಳಿಯಿತು. ಯೌವನದಲ್ಲಿಯೇ ಬದುಕು ಹಾಸಿಗೆಯ ಅಳತೆಗೆ ಕುಗ್ಗಿತು. ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದು ಎಂದು ಆಕೆಗೆ ಸೂಚಿಸಿದವರು ಬ್ರ್ಯಾಂಡ್. ಗಾಲಿಕುರ್ಚಿಯಲ್ಲಿ ಕುಳಿತು ಆಕೆ ಕುಷ್ಠರೋಗಿಗಳ ಮಡಚಿದ ಬೆರಳುಗಳನ್ನು ಬಿಡಿಸತೊಡಗಿದರು. ಕಾಲಿಲ್ಲದ ವೈದ್ಯೆ, ಕೈಯಿಲ್ಲದ ರೋಗಿ: ಆ ಕೊಠಡಿಯಲ್ಲಿ ಯಾರೂ ಯಾರಿಗೂ ಮೇಲಿನಿಂದ ಉಪದೇಶ ಮಾಡುವ ಸ್ಥಿತಿಯಲ್ಲಿರಲಿಲ್ಲ. ಮುಂದೆ ನ್ಯೂಯಾರ್ಕಿನಲ್ಲಿ ತರಬೇತಿ ಪಡೆದು ಬಂದ ಆಕೆ ವೆಲ್ಲೂರಿನಲ್ಲಿ ಪುನಶ್ಚೇತನ ವೈದ್ಯಕೀಯ ವಿಭಾಗವನ್ನು ಕಟ್ಟಿದರು. 1966ರಲ್ಲಿ ಅಲ್ಲಿ ಪುನಶ್ಚೇತನ ಕೇಂದ್ರ ಆರಂಭವಾಯಿತು. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ಆಕೆ ನಿಧನರಾದರು.

ಆಕೆಯ ಕಾಲುಗಳಿಗೆ ಮತ್ತೆ ಶಕ್ತಿ ಬರಲೇ ಇಲ್ಲ ಎಂಬುದು ಇಲ್ಲಿ ಮುಖ್ಯ. ಪವಾಡ ನಡೆಯಲಿಲ್ಲ, ಪ್ರಾರ್ಥನೆ ಬಯಸಿದ ರೂಪದಲ್ಲಿ ಫಲಿಸಲಿಲ್ಲ. ಪೌಲನ ಅನುಭವವೂ ಇದೇ. ತನ್ನ ದೇಹದಲ್ಲಿ ನಾಟಿದ್ದ ‘ಮುಳ್ಳು’ ತೊಲಗಲೆಂದು ಮೂರು ಬಾರಿ ಬೇಡಿದರೂ ಅದು ತೊಲಗಲಿಲ್ಲವೆಂದು ಅವನೇ ಹೇಳಿಕೊಂಡಿದ್ದಾನೆ. ಸೆರೆಮನೆಯಿಂದ ಫಿಲಿಪ್ಪಿಯವರಿಗೆ ಬರೆದ ನಾಲ್ಕೇ ಅಧ್ಯಾಯಗಳ ಪತ್ರದಲ್ಲಿ ಆನಂದದ ಮಾತು ಮತ್ತೆ ಮತ್ತೆ ಬರುತ್ತದೆ. ತೀರ್ಪು ಏನಾಗುವುದೋ ತಿಳಿಯದ ಕೈದಿಯೊಬ್ಬ ಹೊರಗಿರುವವರಿಗೆ ಸಂತೋಷಪಡಿರೆಂದು ಬರೆಯುತ್ತಾನೆ. ಇದು ಸುಖವಲ್ಲ. ಸುಖಕ್ಕೆ ಅನುಕೂಲ ಸನ್ನಿವೇಶ ಬೇಕು. ತನ್ನ ಬದುಕು ತನ್ನ ಕಷ್ಟಕ್ಕಿಂತ ದೊಡ್ಡದಾದ ಯಾವುದೋ ಒಂದರ ಕೈಯಲ್ಲಿದೆ, ಈಗಲೂ ತನ್ನಿಂದ ಯಾರಿಗಾದರೂ ಉಪಯೋಗವಿದೆ ಎಂಬ ಅರಿವಿನಿಂದ ಹುಟ್ಟುವುದು ಈ ಆನಂದ.

ಇಲ್ಲೊಂದು ಗಂಭೀರ ಆಕ್ಷೇಪವಿದೆ. ಇಂತಹ ಬೋಧನೆಯೇ ಅಲ್ಲವೇ ಶತಮಾನಗಳ ಕಾಲ ಗುಲಾಮನಿಗೆ, ಬಡವನಿಗೆ, ಗಂಡನ ಹೊಡೆತ ತಿನ್ನುವ ಹೆಂಡತಿಗೆ ‘ತಾಳಿಕೋ’ ಎಂದು ಹೇಳಿದ್ದು? ಮಾರ್ಕ್ಸ್ ಧರ್ಮವನ್ನು ಅಫೀಮಿಗೆ ಹೋಲಿಸಿದ್ದು ಸುಮ್ಮನೇ ಅಲ್ಲ. ಚರ್ಚುಗಳು ಈ ಆಪಾದನೆಯಿಂದ ನುಣುಚಿಕೊಳ್ಳಲಾಗದು. ಆದರೆ ತಪ್ಪು ಯಾವುದೆಂದು ಗುರುತಿಸಬೇಕು. ನನ್ನ ನೋವಿನಲ್ಲಿ ನಾನು ಅರ್ಥ ಕಂಡೆ ಎಂದು ನೊಂದವರು ಹೇಳಿದರೆ ಅದು ಸಾಕ್ಷ್ಯ. ನಿನ್ನ ನೋವಿಗೆ ಅರ್ಥವಿದೆ, ಸುಮ್ಮನಿರು ಎಂದು ನೋಯದವನು ಹೇಳಿದರೆ ಅದು ದಬ್ಬಾಳಿಕೆ. ವಾಕ್ಯ ಹೆಚ್ಚೂ ಕಡಿಮೆ ಒಂದೇ; ಆಡುವ ಬಾಯಿ ಬೇರೆ. ತಪ್ಪಿಸಬಹುದಾದ ನೋವನ್ನು ತಪ್ಪಿಸದೆ ಉಪದೇಶ ಮಾಡುವುದು ಶಿಲುಬೆಯ ಹೆಸರಿನಲ್ಲಿ ಶಿಲುಬೆಗೇರಿಸಿದವರ ಪಕ್ಷ ಸೇರಿದಂತೆ.

ವೆಲ್ಲೂರಿನ ವೈದ್ಯರು ಅಂಥ ಉಪದೇಶಕ್ಕೆ ನಿಲ್ಲಲಿಲ್ಲ. ಸ್ನಾಯುರಜ್ಜುಗಳನ್ನು ಸ್ಥಳಾಂತರಿಸಿ ಕೈಗಳನ್ನು ಸರಿಪಡಿಸಿದರು. ಸರಿಯಾದ ಕೈಗೆ ಭಿಕ್ಷೆ ಹುಟ್ಟುವುದಿಲ್ಲ ಎಂಬುದು ತಿಳಿದಾಗ ಕಸುಬು ಕಲಿಸಿದರು. ಈಗ ಕುಷ್ಠರೋಗಕ್ಕೆ ಪರಿಣಾಮಕಾರಿ ಔಷಧವಿದೆ. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿಯೇ ಬಹು ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ರೋಗ ನಿವಾರಣೆಯಾಯಿತೆಂದು 2005ರ ಕೊನೆಯಲ್ಲಿ ಭಾರತ ಹೇಳಿಕೊಂಡಿತು. ಆದರೂ ಜಗತ್ತಿನ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂದಿಗೂ ಭಾರತದಲ್ಲಿಯೇ ಪತ್ತೆಯಾಗುತ್ತಿವೆ. ಔಷಧವಿದ್ದೂ ಜನ ರೋಗವನ್ನು ಮುಚ್ಚಿಡುವುದು ಸಮಾಜದ ಭಯದಿಂದ. ಅಂದರೆ ಮರಗಟ್ಟಿರುವುದು ರೋಗಿಯ ಬೆರಳು ಮಾತ್ರವಲ್ಲ.

ಕಷ್ಟದಲ್ಲಿರುವವರಿಗೆ ನಾವು ಏನು ಹೇಳಬೇಕು ಎಂಬ ಪ್ರಶ್ನೆ ಪ್ರತಿಯೊಂದು ಕುಟುಂಬಕ್ಕೂ ಒಂದಲ್ಲ ಒಂದು ದಿನ ಎದುರಾಗುತ್ತದೆ. ಯೋಬನ ಗೆಳೆಯರ ಮೊದಲ ಏಳು ದಿನ ನಮಗೆ ಮಾದರಿಯಾಗಬಹುದು. ಪಕ್ಕದಲ್ಲಿ ಕೂರಬಹುದು, ಆಸ್ಪತ್ರೆಯ ಬಿಲ್ಲಿಗೆ ಕೈಗೂಡಿಸಬಹುದು, ಮಕ್ಕಳನ್ನು ಶಾಲೆಯಿಂದ ಕರೆತರಬಹುದು. ಅರ್ಥ ಹುಡುಕುವ ಕೆಲಸವನ್ನು ನೊಂದವರಿಗೇ, ಅವರದೇ ಸಮಯಕ್ಕೆ, ಬಿಡಬೇಕು.

ಆ ಶುಕ್ರವಾರ ಶಿಲುಬೆಯ ಬಳಿ ನಿಂತಿದ್ದ ತಾಯಿಗೆ, ಕೆಲವು ಹೆಂಗಸರಿಗೆ ಅದು ಶುಭವೆನಿಸಿರಲಾರದು. ಅವರು ಯಾವ ವಿವರಣೆಯನ್ನೂ ಕೊಡಲಿಲ್ಲ. ಬಿಟ್ಟು ಹೋಗಲಿಲ್ಲ, ಅಷ್ಟೇ. ಭಾನುವಾರ ಬೆಳಗಿನ ಜಾವ ಸಮಾಧಿಯ ಬಳಿಗೆ ಮೊದಲು ಹೋದವರೂ, ಆನಂದದ ಸುದ್ದಿಯನ್ನು ಮೊದಲು ಕೇಳಿದವರೂ ಆ ಹೆಂಗಸರೇ ಎಂದು ಸುವಾರ್ತೆಗಳು ಹೇಳುತ್ತವೆ. ‘ಶುಭ’ ಎಂಬ ಹೆಸರು ಆ ದಿನಕ್ಕೆ ಬಂದದ್ದು ಹಿಂತಿರುಗಿ ನೋಡಿದಾಗ. ನಡುವಿನ ಶನಿವಾರವನ್ನು ದಾಟದೆ ಆ ಪದವನ್ನು ಬಳಸುವ ಅವಸರ ಯಾರಿಗೂ ಬೇಡ.