ಬೆಟ್ಟ ಹತ್ತುವ ಕಾಲ

ಕಳೆದ ವೈಶಾಖದಲ್ಲಿ ನಮ್ಮ ತಂಗಿಯ ಮಗನು ಬೆಂಗಳೂರಿನಿಂದ ನಮ್ಮಲ್ಲಿಗೆ ಬಂದಿದ್ದನು. ಈಗಿನ ತರುಣರಲ್ಲಿ ಅನೇಕರಂತೆ ಇವನಿಗೂ ಚಾರಣದ ಹವ್ಯಾಸವುಂಟು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಕೊಡಗಿನ ತಡಿಯಂಡಮೋಳ್, ಕುಮಾರಪರ್ವತ ಇವೆಲ್ಲವನ್ನೂ ಹತ್ತಿ ಇಳಿದವನಾದ್ದರಿಂದ, ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಬೆಟ್ಟದಪುರದ ಬೆಟ್ಟವು ಇವನ ಕಣ್ಣಿಗೆ ಒಂದು ದಿಣ್ಣೆಯಂತೆ ಕಂಡಿತೋ ಏನೋ! ಊಟ ಮುಗಿಸಿ, ಕಾಫಿ ಕುಡಿದು, ಮೂರು ಗಂಟೆಯ ಹೊತ್ತಿಗೆ ಬೂಟು ಕಟ್ಟಿಕೊಳ್ಳುತ್ತ, "ಮಾವ, ಸೂರ್ಯಾಸ್ತವನ್ನು ಮೇಲಿಂದ ನೋಡಿಕೊಂಡು ಬಂದುಬಿಡುತ್ತೇನೆ" ಎಂದನು.

ನಾವು ಅಂಗಳಕ್ಕೆ ಬಂದು ನೋಡಿದೆವು. ಬಿಸಿಲು ಚೆನ್ನಾಗಿಯೇ ಇದ್ದಿತು. ಆದರೆ ಬೆಟ್ಟದ ಹಿಂಬದಿಯಲ್ಲಿ ಬಿಳಿಯ ಮೋಡವೊಂದು ರಾಶಿ ಹಾಕಿದ ಹತ್ತಿಯಂತೆ ಮೇಲೆ ಮೇಲೆ ಏಳುತ್ತಿದ್ದಿತು. "ಇಂದು ಬೇಡಪ್ಪ, ನಾಳೆ ಬೆಳಗಿನ ಜಾವ ಐದಕ್ಕೆ ಹೊರಡು" ಎಂದೆವು.

"ಹೇಗೂ ಇಷ್ಟು ದೂರ ಬಂದಿದ್ದೇನಲ್ಲ ಮಾವ! ನಿಮ್ಮದು ಬರಿಯ ಹೆದರಿಕೆ" ಎಂದನು.

ಈ ಎರಡು ಮಾತುಗಳನ್ನೂ ನಾವು ಹಿಂದೊಮ್ಮೆ ಕೇಳಿದ್ದೆವು. ಅದನ್ನು ಹೇಳುವುದಕ್ಕೆ ಮೊದಲು ಬೆಟ್ಟದ ವಿಷಯವಾಗಿ ಒಂದೆರಡು ಮಾತು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ಸೀಮೆಯ ವಾಚಕರಿಗೆ ಇದನ್ನು ಪರಿಚಯ ಮಾಡಿಕೊಡಬೇಕಾದ್ದಿಲ್ಲ. ಬಯಲಿನ ನಡುವೆ ಒಂಟಿಯಾಗಿ, ಶಂಕುವಿನ ಆಕಾರದಲ್ಲಿ ನಿಂತಿರುವ ಇದರ ಶಿಖರವು ಸಮುದ್ರಮಟ್ಟದಿಂದ 4,389 ಅಡಿ, ಎಂದರೆ ಸುಮಾರು 1,338 ಮೀಟರ್ ಎತ್ತರದಲ್ಲಿದೆ. ಏರಲು ಮೂರು ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳಿವೆ. ಮೇಲಿರುವ ಮಲ್ಲಿಕಾರ್ಜುನಸ್ವಾಮಿಯು ಪೂರ್ವದಲ್ಲಿ ಈ ಪ್ರಾಂತವನ್ನಾಳಿದ ಚಂಗಾಳ್ವ ಅರಸರಿಗೆ ಕುಲದೈವವಾಗಿದ್ದನು. ಜನರು ಅವನನ್ನು ಸಿಡಿಲು ಮಲ್ಲಿಕಾರ್ಜುನನೆಂದು ಕರೆಯುತ್ತಾರೆ. ಸಿಡಿಲು ಸ್ವಾಮಿಯ ಸನ್ನಿಧಿಗೆ ಬಂದು ಹೋಗುವುದೆಂದು ಅವರ ನಂಬಿಕೆ. ಬಯಲಿನಲ್ಲಿ ಒಂಟಿಯಾಗಿ ಎದ್ದು ನಿಂತ ವಸ್ತುವಿಗೆ ಸಿಡಿಲು ಬಡಿಯುವ ಸಂಭವ ಹೆಚ್ಚೆಂದು ಪದಾರ್ಥವಿಜ್ಞಾನವೂ ಹೇಳುತ್ತದೆ. ಆದಕಾರಣ ಹಿರಿಯರು ಇಟ್ಟ ಆ ಹೆಸರಿನಲ್ಲಿ ಭಕ್ತಿಯ ಸಂಗಡ ಒಂದು ಎಚ್ಚರಿಕೆಯೂ ಸೇರಿದೆಯೆಂದು ನಾವು ತಿಳಿದಿದ್ದೇವೆ.

1998ನೆಯ ಇಸವಿಯ ಬೇಸಗೆಯ ರಜದಲ್ಲಿ ನಾವು ಹದಿನಾಲ್ಕು ಮಂದಿ ಹುಡುಗರನ್ನು ಕರೆದುಕೊಂಡು ಈ ಬೆಟ್ಟಕ್ಕೆ ಬಂದೆವು. ಬೆಳಗ್ಗೆ ಏಳಕ್ಕೆ ತಪ್ಪಲಿನಲ್ಲಿರಬೇಕೆಂದು ಗೊತ್ತುಮಾಡಿದ್ದೆವು. ಬಸ್ಸು ತಡವಾಗಿ ಹನ್ನೆರಡಾಯಿತು. ಹಿಂದಿರುಗೋಣವೆಂದರೆ ಹುಡುಗರ ಮುಖ ಬಾಡಿತು. ಜತೆಗಿದ್ದ ಹಿರಿಯರೊಬ್ಬರು, "ಹೇಗೂ ಬಂದಿದ್ದೇವಲ್ಲ, ಹತ್ತಿಬಿಡೋಣ" ಎಂದರು. ನಾವು ಒಪ್ಪಿದೆವು.

ಹುಡುಗರಲ್ಲೊಬ್ಬನ ಚೀಲದಲ್ಲಿ ತೆಂಗಿನಕಾಯಿ ಇದ್ದಿತು. ಅವನ ತಾಯಿಯು ಬಹಳ ದಿವಸಗಳಿಂದ ಹಾಸಿಗೆ ಹಿಡಿದಿದ್ದಳು. ಅವಳ ಹೆಸರಿನಲ್ಲಿ ಹರಕೆ. ಇನ್ನು ಇನ್ನೂರು ಮೆಟ್ಟಿಲುಗಳು ಉಳಿದಿರುವಾಗ ಮೋಡ ಕಪ್ಪಾಯಿತು, ಮಿಂಚಿತು. ನಾವು ಎಣಿಸಿದೆವು, ಇಪ್ಪತ್ತಕ್ಕೆ ಗುಡುಗು ಕೇಳಿತು. ಶಬ್ದವು ಒಂದು ಕಿಲೋಮೀಟರು ಬರಲು ಸುಮಾರು ಮೂರು ಸೆಕೆಂಡು ಬೇಕು. ಎಂದರೆ ಮಿಂಚು ಏಳು ಕಿಲೋಮೀಟರಿಗಿಂತ ಹತ್ತಿರದಲ್ಲಿದ್ದಿತು. "ಎಲ್ಲರೂ ಇಳಿಯಿರಿ" ಎಂದೆವು. ಆ ಹುಡುಗನು, "ಮೇಷ್ಟ್ರೇ, ನಾನೊಬ್ಬನೇ ಓಡಿಹೋಗಿ ಒಡೆಸಿಕೊಂಡು ಬರುತ್ತೇನೆ" ಎಂದು ಅಳತೊಡಗಿದನು. ನಾವು ಅವನ ಕೈಯನ್ನು ಬಿಗಿಯಾಗಿ ಹಿಡಿದು ಕೆಳಕ್ಕೆ ಕರೆತಂದೆವು.

ಆ ದಿನ ಒಂದು ಹನಿಯೂ ಬೀಳಲಿಲ್ಲ. ಮೋಡವು ಕೃಷ್ಣರಾಜನಗರದ ಕಡೆಗೆ ಸರಿದುಹೋಯಿತು. ಐದು ಗಂಟೆಗೆ ಶಿಖರದ ಮೇಲೆ ಎಳೆಬಿಸಿಲು. "ಮೇಷ್ಟ್ರು ಹೆದರಿಬಿಟ್ಟರು" ಎಂದು ಬಸ್ಸಿನಲ್ಲಿ ಯಾರೋ ನಕ್ಕರು. ಆ ವರ್ಷದ ಶ್ರಾವಣದಲ್ಲಿ ಹುಡುಗನ ತಾಯಿ ತೀರಿಕೊಂಡಳು. ಹರಕೆಗೂ ಅದಕ್ಕೂ ಸಂಬಂಧವಿಲ್ಲವೆಂದು ನಮ್ಮ ಬುದ್ಧಿ ಬಲ್ಲದು. ಆದರೂ ಶಾಲೆಯಲ್ಲಿ ಅವನ ಮುಖವನ್ನು ನೋಡುವುದು ಬಹುಕಾಲ ನಮಗೆ ಕಷ್ಟವಾಯಿತು.

ನಾವು ಮಾಡಿದ್ದು ತಪ್ಪೇ? ಇದನ್ನು ಅನೇಕ ರಾತ್ರಿ ಆಲೋಚಿಸಿದ್ದೇವೆ. ಇಳಿದದ್ದು ತಪ್ಪಲ್ಲ, ಮಳೆ ಬರಲಿಲ್ಲವೆಂಬುದು ಆಮೇಲೆ ತಿಳಿದ ಸಂಗತಿ. ತಪ್ಪು ನಡೆದದ್ದು ಮೇಲಲ್ಲ, ಕೆಳಗೆ; ವೈಶಾಖದ ನಡುಹಗಲಿನಲ್ಲಿ "ಹೇಗೂ ಬಂದಿದ್ದೇವಲ್ಲ" ಎಂಬ ಮಾತಿಗೆ ಸೋತು ಮೊದಲನೆಯ ಮೆಟ್ಟಿಲ ಮೇಲೆ ಕಾಲಿಟ್ಟದ್ದು. ಆ ರಾತ್ರಿ ತಪ್ಪಲಿನಲ್ಲಿ ತಂಗಿ ಮರುದಿನ ಬೆಳಗ್ಗೆ ಹತ್ತಿದ್ದರೆ, ಒಂಬತ್ತು ಗಂಟೆಯೊಳಗೆ ಆ ಕಾಯಿ ಸ್ವಾಮಿಗೆ ಸಲ್ಲುತ್ತಿದ್ದಿತು.

ಸಂಸ್ಕೃತದಲ್ಲಿ ಬೆಟ್ಟಕ್ಕೆ ಅಚಲವೆಂದೂ ನಗವೆಂದೂ ಹೆಸರು. ಎರಡಕ್ಕೂ ಚಲಿಸದುದೆಂದೇ ಅರ್ಥ. ಬೆಟ್ಟವು ಕದಲುವುದಿಲ್ಲ ನಿಜ. ಆದರೆ ಅದರ ಮೇಲೆ ಋತುಗಳು ಕದಲುತ್ತಿರುವುದರಿಂದ, ಕಾರ್ತಿಕದಲ್ಲಿ ಹತ್ತಿದ ಬೆಟ್ಟವನ್ನೇ ವೈಶಾಖದಲ್ಲಿಯೂ ಹತ್ತುತ್ತೇವೆಂದು ತಿಳಿಯಲಾಗದು. ಇದರಲ್ಲಿ ಗ್ರಂಥಗಳ ಆರು ಋತುಗಳಿಗಿಂತ ನಮ್ಮ ರೈತರ ಮಳೆನಕ್ಷತ್ರಗಳ ಲೆಕ್ಕವೇ ಹೆಚ್ಚು ಉಪಯುಕ್ತವೆಂದು, ಸಂಸ್ಕೃತ ಓದಿದ ನಾವೇ ಒಪ್ಪಿಕೊಳ್ಳುತ್ತೇವೆ.

ಏಪ್ರಿಲ್ ನಡುವಿನ ಅಶ್ವಿನಿಯಿಂದ ಜೂನ್ ಆರಂಭದ ರೋಹಿಣಿಯವರೆಗೆ ಗುಡುಗಿನ ಕಾಲ. ಬೆಳಗ್ಗೆ ಆಕಾಶ ನಿರ್ಮಲವಾಗಿರುತ್ತದೆ. ನೆಲ ಕಾದಂತೆಲ್ಲ ಗಾಳಿ ಮೇಲಕ್ಕೇರಿ, ಮಧ್ಯಾಹ್ನದ ಮೇಲೆ ಮೋಡವು ಹತ್ತು ಕಿಲೋಮೀಟರಿಗೂ ಮೀರಿ ಬೆಳೆಯಬಹುದು. ಹೊಗೆಸೊಪ್ಪಿನ ಸಸಿ ನೆಡುವ ರೈತನಿಗೆ ಇದು ಬೇಕಾದ ಮಳೆ; ಶಿಖರದ ಮೇಲಿರುವವನಿಗೆ ಮೃತ್ಯುಸಮಾನ. ಆರಿದ್ರೆಯಿಂದ ಆಶ್ಲೇಷದವರೆಗೆ ಪಡುವಣ ಗಾಳಿಯ ಮಳೆ. ಈ ಮೋಡಗಳು ಅಷ್ಟು ಎತ್ತರಕ್ಕೆ ಬೆಳೆಯದ ಕಾರಣ ಗುಡುಗು ಕಡಮೆ. ಆದರೆ ಪಾಚಿ ಹಿಡಿದ ಮೆಟ್ಟಿಲು ಜಾರುತ್ತದೆ, ಮಂಜು ಮುಚ್ಚಿದರೆ ಹತ್ತು ಮಾರು ದೂರದವರು ಕಾಣುವುದಿಲ್ಲ. ಹಸ್ತ, ಚಿತ್ತೆ, ಸ್ವಾತಿಗಳಲ್ಲಿ ಮತ್ತೆ ಸಂಜೆಯ ಗುಡುಗು. ಆ ಬಳಿಕ ಕಾರ್ತಿಕದಿಂದ ಪುಷ್ಯದವರೆಗೆ ಹತ್ತಲು ಸುಖವಾದ ಕಾಲ. ಹಗಲು ಗಿಡ್ಡವೆಂಬುದನ್ನು ಮಾತ್ರ ಮರೆಯಬಾರದು. ಈ ಸುಖವನ್ನು ಎಲ್ಲರೂ ಬಲ್ಲವರಾದ್ದರಿಂದಲೇ 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಕಿಕ್ಕಿರಿದು, ಸರಕಾರವು ಕೆಲಕಾಲ ಚಾರಣವನ್ನು ತಡೆಯಬೇಕಾಯಿತು. ಮಾಘ ಫಾಲ್ಗುಣಗಳಲ್ಲಿ ಒಣಹುಲ್ಲಿಗೆ ಬೆಂಕಿಯ ಭಯ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಹೇಗೆ ಉರಿಯಿತೆಂಬುದನ್ನು ಹೆಗ್ಗಡದೇವನಕೋಟೆಯ ಜನ ಮರೆತಿರಲಾರರು.

ಮನೆಯಿಂದ ಮಕ್ಕಳನ್ನು ಬೆಟ್ಟಕ್ಕೆ ಕಳುಹಿಸುವ ತಾಯಿತಂದೆಗಳು ಇಷ್ಟನ್ನು ಹೇಳಿ ಕಳುಹಿಸತಕ್ಕದ್ದು. ಬೇಸಗೆಯಲ್ಲಿ ಹನ್ನೊಂದು ಗಂಟೆಯೊಳಗೆ ತಪ್ಪಲಿಗೆ ಇಳಿದಿರಬೇಕು. ಗುಡುಗು ಕಿವಿಗೆ ಬಿದ್ದೊಡನೆ ಇಳಿಯಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಹತ್ತಬಾರದು. ಒಂಟಿಮರದ ಕೆಳಗೂ, ಗೋಡೆಯಿಲ್ಲದ ಮಂಟಪದಲ್ಲಿಯೂ ನಿಲ್ಲಬಾರದು. ಸಿಡಿಲು ತಗುಲಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಮುಟ್ಟಲು ಹೆದರದೆ, ಉಸಿರು ನಿಂತಿದ್ದರೆ ಎದೆಯನ್ನು ಒತ್ತುತ್ತ, 108ಕ್ಕೆ ಕರೆಯಬೇಕು. ಪುಣೆಯ ಹವಾವಿಜ್ಞಾನ ಸಂಸ್ಥೆಯವರು ಸಿದ್ಧಪಡಿಸಿದ 'ದಾಮಿನಿ' ಎಂಬ ಆ್ಯಪ್ ಸಮೀಪದ ಮಿಂಚಿನ ಸೂಚನೆಯನ್ನು ಮೊಬೈಲಿನಲ್ಲಿಯೇ ಕೊಡುತ್ತದೆ. ಹೆಸರೂ ಸಂಸ್ಕೃತದಲ್ಲಿ ಮಿಂಚಿನದೇ. ಇಷ್ಟೆಲ್ಲದಕ್ಕೂ ಮೊದಲನೆಯದಾಗಿ, ಹೊರಡುವ ಹೊತ್ತು ತಪ್ಪಿದರೆ ಆ ದಿನದ ಬೆಟ್ಟವನ್ನು ಬಿಟ್ಟುಬಿಡುವ ಮನಸ್ಸನ್ನು ಕಲಿಸಬೇಕು.

ನಮ್ಮ ಅಳಿಯನು ಈ ಕಥೆಯನ್ನು ಕೇಳಿ ಬೂಟು ಬಿಚ್ಚಿದನು. ಆ ಸಂಜೆ ಮಳೆ ಬಂದಿತೇ ಎಂದು ವಾಚಕರು ಕೇಳಬಹುದು. ಬಂದಿದ್ದರೂ ಬಾರದಿದ್ದರೂ ನಮ್ಮ ಮಾತು ಒಂದೇ ಆದ್ದರಿಂದ ಅದನ್ನು ಬರೆಯದೆ ಬಿಟ್ಟಿದ್ದೇವೆ.

ಮರುದಿನ ಐದು ಗಂಟೆಗೆ ಅವನ ಕೈಗೆ ಒಂದು ತೆಂಗಿನಕಾಯಿಯನ್ನು ಕೊಟ್ಟು ಕಳುಹಿಸಿದೆವು. ನಮ್ಮ ಮೊಣಕಾಲು ಒಪ್ಪಿದಷ್ಟು ಮೆಟ್ಟಿಲುಗಳನ್ನು ನಾವೂ ಹತ್ತಿ, ಒಂದು ಕಡೆ ಕುಳಿತು ಕಾದೆವು. ಒಂಬತ್ತಕ್ಕೆ ಮೊದಲೇ ಅವನು ಇಳಿದು ಬಂದು ಹೋಳೊಂದನ್ನು ನಮ್ಮ ಕೈಯಲ್ಲಿಟ್ಟು, "ಹೆಸರು ಯಾರದು ಹೇಳಲಿ ಎಂದು ಅರ್ಚಕರು ಕೇಳಿದರು ಮಾವ, ನೀವು ಹೇಳಿರಲಿಲ್ಲ, ನಿಮ್ಮ ಹೆಸರನ್ನೇ ಹೇಳಿದೆ" ಎಂದನು. ನಾವು ಏನೂ ಹೇಳಲಿಲ್ಲ. ಬಿಸಿಲೇರುವ ಮೊದಲು ಇಬ್ಬರೂ ಮನೆ ಸೇರಿದೆವು.