ಕಾಣದ ಬೆಳಕು

ಏರ್‌ಸಾಫ್ಟ್ ಎಂಬ ಆಟ 1970ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿತು. ಆಟದ ಬಂದೂಕಿನಿಂದ 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡನ್ನು ಹಾರಿಸುವುದು. ಗುರಿ ತೋರಲು ಅದರ ಮೇಲೊಂದು ಲೇಸರ್ ದೀಪ. ಗುಂಡನ್ನು ತಡೆಯಲು ರಕ್ಷಣೆಯ ಕನ್ನಡಕವುಂಟು. ಆದರೆ ಅದರ ತಿಳಿಗಾಜು ಲೇಸರನ್ನು ತಡೆಯಲಾರದು. ಆದುದರಿಂದ ದೀಪವನ್ನು ಆರಿಸುವಾಗಲೇ ಎಚ್ಚರ ಬೇಕು.

ಮಕ್ಕಳು ಅತಿ ಪ್ರಖರವಾದುದನ್ನೇ ಬೇಡುತ್ತಾರೆ. ತಂದೆತಾಯಿಗಳು ಓದಬೇಕಾದುದು ಅದರ ಮೇಲಿನ ಚೀಟಿಯನ್ನು. 1 ಮಿಲಿವ್ಯಾಟನ್ನು ಮೀರದ, ಎರಡನೆಯ ವರ್ಗದ ಕೆಂಪು ಲೇಸರ್ ಸಾಕು. ಅದು ಅಕಸ್ಮಾತ್ತಾಗಿ ಕಣ್ಣಿಗೆ ತಗುಲಿದರೆ, ರೆಪ್ಪೆ ಸಾಮಾನ್ಯವಾಗಿ ಕಾಲು ಸೆಕೆಂಡಿನೊಳಗೆ ತಾನೇ ಮುಚ್ಚಿ ಕಾಯುತ್ತದೆ.

ಅಗ್ಗದ ಹಸಿರು ಲೇಸರಿನ ಮಾತು ಬೇರೆ. ಇಂಥ ಅನೇಕ ದೀಪಗಳು ಮೊದಲು ಅತಿಗೆಂಪು ಕಿರಣವನ್ನು ಹುಟ್ಟಿಸಿ, ಅನಂತರ ಹಸಿರಾಗಿ ಮಾರ್ಪಡಿಸುತ್ತವೆ. ಶೋಧಕವಿಲ್ಲದಿದ್ದರೆ ಆ ಕಾಣದ ಕಿರಣವೂ ಹೊರಬೀಳುವುದು. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಪರೀಕ್ಷಿಸಿದ, 10 ಮಿಲಿವ್ಯಾಟಿನದೆಂದು ಮಾರಾಟವಾಗಿದ್ದ ಒಂದು ಹಸಿರು ಲೇಸರಿನಿಂದ ಸುಮಾರು 20 ಮಿಲಿವ್ಯಾಟಿನಷ್ಟು ಅತಿಗೆಂಪು ಸೋರುತ್ತಿತ್ತು. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದೆಂತು?

ಹಿಡಿಕೆ ಅಲುಗದಂತಿರಲಿ. ಬೆಳಕು ನೇರ ಸಾಗುವುದು, ಗುಂಡು ಬಾಗುವುದು. ಎರಡೂ ಕೂಡುವಂತೆ ಒಂದು ದೂರಕ್ಕೆ ಹೊಂದಿಸಿಕೊಳ್ಳಬೇಕು. ಎಂಥ ದೀಪವಾದರೂ ಸರಿ, ಎದುರಾಳಿಯ ಮುಖಕ್ಕೆ ಮಾತ್ರ ಹಿಡಿಯಬಾರದು. ಆಟ ಮುಗಿದ ಮೇಲೆ ಅವನು ಗೆಳೆಯನೇ ಅಲ್ಲವೆ?