ಆಹಾರವಿಜ್ಞಾನದಲ್ಲಿ ಗ್ರಂಥಸಂಪಾದನೆ

ದಾಸೋಹವು ಲಿಂಗಾಯತ ಮಠಗಳ ಜೀವನಾಡಿ. ಪಂಕ್ತಿಯಲ್ಲಿ ಕುಳಿತವರ ಕುಲಗೋತ್ರಗಳನ್ನು ಕೇಳದೆ ಬಡಿಸುವ ಈ ಪರಂಪರೆಯು, ಬಡಿಸಿದ ಅನ್ನ ಉಂಡವರ ಒಡಲಲ್ಲಿ ಏನಾಗುತ್ತದೆಂಬ ಪ್ರಶ್ನೆಯನ್ನು ವೈದ್ಯರಿಗೆ ಬಿಟ್ಟುಕೊಟ್ಟಿತ್ತು. ಇಂದು ಆ ಪ್ರಶ್ನೆ ಮಠದ ಶಾಲೆಗಳಲ್ಲಿ ಓದಿದ ಮಕ್ಕಳ ಮುಂದೆಯೇ ಬಂದು ನಿಂತಿದೆ. ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಮನೆಗಳಿಂದ ಜೀವವಿಜ್ಞಾನದ ಪದವಿಗೆ ಸೇರುವ ತರುಣ ತರುಣಿಯರಲ್ಲಿ ಕೆಲವರಾದರೂ ಮೆಟಬೊಲಾಮಿಕ್ಸ್ ಎಂಬ ಹೊಸ ಶಾಸ್ತ್ರದತ್ತ ಮನಸ್ಸು ಹರಿಸುತ್ತಿದ್ದಾರೆ. ಅವರ ಹಂಬಲ ಸ್ತುತ್ಯವೇ ಸರಿ. ಕಲಿಯುವ ಕ್ರಮದ ವಿಷಯದಲ್ಲಿ ಮಾತ್ರ ನಾಲ್ಕು ಮಾತು ಹೇಳಬೇಕಾಗಿದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕಗಳಲ್ಲಿ 528 ಆಹಾರಪದಾರ್ಥಗಳ ವಿವರವಿದೆ. ಯಾವ ಧಾನ್ಯದಲ್ಲಿ ಯಾವ ಸತ್ತ್ವ ಎಷ್ಟಿದೆಯೆಂಬುದನ್ನು ಅವು ಹೇಳುತ್ತವೆ. ಉಂಡ ಮೇಲಿನ ಕಥೆ ಅವುಗಳಲ್ಲಿಲ್ಲ. ಆ ಕಥೆಗೆ ಕನ್ನಡದಲ್ಲಿ ಚಯಾಪಚಯವೆಂಬ ಸೊಗಸಾದ ಹೆಸರಿದೆ: ಚಯವೆಂದರೆ ಕೂಡುವುದು, ಅಪಚಯವೆಂದರೆ ಕಳೆಯುವುದು, ಕಟ್ಟುವ ಕೆಲಸ, ಒಡೆಯುವ ಕೆಲಸ ಎರಡೂ ಒಂದೇ ಪದದಲ್ಲಿ ಅಡಗಿವೆ. ಈ ಕ್ರಿಯೆಯಲ್ಲಿ ಹುಟ್ಟುವ ಸಾವಿರಾರು ಸಣ್ಣ ಅಣುಗಳನ್ನು ರಕ್ತ ಮೂತ್ರಗಳ ಕೆಲವೇ ಹನಿಗಳಲ್ಲಿ ಒಟ್ಟಿಗೆ ಅಳೆಯುವುದೇ ಮೆಟಬೊಲಾಮಿಕ್ಸ್. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಡೇವಿಡ್ ವಿಶಾರ್ಟ್ ಮತ್ತು ಸಂಗಡಿಗರು 2007ರಲ್ಲಿ ಇಂಥ ಅಣುಗಳ ಒಂದು ಕೋಶವನ್ನು ಪ್ರಕಟಿಸಿದರು. ಅಂದು ಎರಡು ಸಾವಿರದಷ್ಟಿದ್ದ ಅದರ ದಾಖಲೆಗಳು ಇಂದು ಎರಡು ಲಕ್ಷವನ್ನು ಮೀರಿವೆ.

ಇದು ಪಂಡಿತರ ವಿನೋದವಲ್ಲ. ಬಿ-12 ಜೀವಸತ್ತ್ವದ ಸಂಗತಿಯನ್ನೇ ನೋಡಬಹುದು. ಸಸ್ಯಾಹಾರದಲ್ಲಿ ಅದು ಹಾಲು ಮೊಸರುಗಳ ಹೊರತು ದೊರೆಯುವುದು ದುರ್ಲಭ. ಅದರ ಕೊರತೆಯಾದಾಗ ದೇಹದಲ್ಲಿ ಮೀಥೈಲ್ ಮೆಲೋನಿಕ್ ಆಮ್ಲವೆಂಬ ದ್ರವ್ಯ ಏರುತ್ತದೆ. ಇಂಥ ದ್ರವ್ಯಗಳೇ ಕೊರತೆಯ ಸಾಕ್ಷಿಗಳು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಆರಂಭವಾದ ಅಧ್ಯಯನದ ಒಂದು ವರದಿ 2009ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ ಗರ್ಭಿಣಿಯರಲ್ಲಿ ಶೇಕಡಾ 43 ಮಂದಿಗೆ ಈ ಸತ್ತ್ವ ಕಡಿಮೆಯಿತ್ತೆಂದು ಅದು ತಿಳಿಸಿತು. ಬಿ.ಟಿ.ಎಂ. ಬಡಾವಣೆಗೆ ಸಮೀಪದಲ್ಲಿರುವ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿಯೂ ಪೋಷಣೆಯ ವಿಷಯವಾಗಿ ಗಣ್ಯವಾದ ಕೆಲಸ ನಡೆದಿದೆ. ಪೂರ್ಣ ಸಸ್ಯಾಹಾರವನ್ನು ವ್ರತವಾಗಿ ಉಳಿಸಿಕೊಂಡ ಸಮಾಜವೊಂದಕ್ಕೆ ಈ ಶಾಸ್ತ್ರವನ್ನು ಬಲ್ಲ ಮಕ್ಕಳು ಬೇಕೇಬೇಕು. ತಪ್ಪಾಗಿ ಬಲ್ಲ ಮಕ್ಕಳಿಂದ ಮಾತ್ರ ಅನರ್ಥವೇ ಹೆಚ್ಚು, ಏಕೆಂದರೆ ಅವರ ವರದಿಯನ್ನು ನಂಬಿ ಯಾರೋ ಬಸುರಿಯ ಊಟವನ್ನು ಬದಲಿಸುತ್ತಾರೆ.

ತಪ್ಪು ಎಲ್ಲಿ ನುಸುಳುತ್ತದೆಂಬುದಕ್ಕೆ ಒಂದು ದೃಷ್ಟಾಂತ. ಯಂತ್ರವು ಅಣುವಿನ ತೂಕವನ್ನು ಹೇಳುತ್ತದೆ, ಹೆಸರನ್ನು ಹೇಳುವುದಿಲ್ಲ. 137ರ ಆಸುಪಾಸಿನ ತೂಕದ ಟ್ರೈಗೊನೆಲಿನ್ ಎಂಬ ದ್ರವ್ಯವುಂಟು. ಪಾಶ್ಚಾತ್ಯರ ಅಧ್ಯಯನಗಳಲ್ಲಿ ಅದು ಕಾಫಿ ಕುಡಿದುದರ ಗುರುತು. ಆದರೆ ಅದರ ಹೆಸರು ಬಂದದ್ದೇ ಮೆಂತ್ಯದ ಸಸ್ಯಶಾಸ್ತ್ರೀಯ ನಾಮವಾದ ಟ್ರೈಗೊನೆಲದಿಂದ. ಬನಶಂಕರಿಯ ಗೃಹಿಣಿಯ ಮೂತ್ರದಲ್ಲಿ ಅದು ಕಂಡರೆ ಬೆಳಗಿನ ಫಿಲ್ಟರ್ ಕಾಫಿಯೋ, ಹುಳಿಪುಡಿಯ ಮೆಂತ್ಯವೋ, ಮೆಂತ್ಯಸೊಪ್ಪಿನ ಪಲ್ಯವೋ? ಅಷ್ಟಕ್ಕೇ ಮುಗಿಯದು. ಒಡಲು ತಾನೇ ತಯಾರಿಸುವ ಆಂಥ್ರನಿಲಿಕ್ ಆಮ್ಲದ ಅಣುಸೂತ್ರವೂ ಅದೇ, ತೂಕವೂ ಅದೇ. ತೂಕವೊಂದನ್ನೇ ನಂಬಿದವನಿಗೆ ಇವೆರಡೂ ಒಂದೇ.

ವಚನಸಾಹಿತ್ಯವನ್ನು ಬಲ್ಲವರಿಗೆ ಇದು ಅಪರಿಚಿತವಾದ ತೊಡಕಲ್ಲ. ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಅಂದಿನಿಂದ ವಿದ್ವಾಂಸರು ಪಾಲಿಸಿಕೊಂಡು ಬಂದ ನಿಯಮವೊಂದಿದೆ: ಅಂಕಿತ ಕಂಡೊಡನೆ ವಚನವು ಆ ಶರಣರದೆಂದು ತೀರ್ಮಾನಿಸಬಾರದು, ಪ್ರತಿಗಳನ್ನು ಹೋಲಿಸಬೇಕು, ಭಾಷೆಯನ್ನು ನೋಡಬೇಕು, ಪ್ರಕ್ಷೇಪವೇ ಎಂದು ಶೋಧಿಸಬೇಕು. 2007ರಲ್ಲಿ ಮೆಟಬೊಲಾಮಿಕ್ಸ್ ವಿದ್ವಾಂಸರೂ ತಮ್ಮ ಶಾಸ್ತ್ರಕ್ಕೆ ಇಂಥದೇ ಕಟ್ಟಳೆ ಹಾಕಿಕೊಂಡು ಗುರುತಿಸುವಿಕೆಯನ್ನು ನಾಲ್ಕು ಮಟ್ಟಗಳಲ್ಲಿ ವಿಂಗಡಿಸಿದರು. ಶುದ್ಧ ದ್ರವ್ಯವನ್ನು ಅದೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಎರಡು ಸ್ವತಂತ್ರ ಲಕ್ಷಣಗಳಾದರೂ ಹೊಂದಿದರೆ ಮಾತ್ರ ಮೊದಲ ಮಟ್ಟ. ಕೋಶದೊಡನೆ ಹೋಲಿಸಿ ಊಹಿಸಿದ್ದು ಎರಡನೆಯದು, ವರ್ಗವಷ್ಟೇ ತಿಳಿದದ್ದು ಮೂರನೆಯದು, ಅಜ್ಞಾತವು ನಾಲ್ಕನೆಯದು. ಅಜ್ಞಾತವೆಂದು ಬರೆಯಲು ಸಂಕೋಚಪಡದಿರುವುದು ಈ ಶಾಸ್ತ್ರದಲ್ಲಿ ದೊಡ್ಡ ವಿದ್ಯೆ.

ಇನ್ನು ಅಂಕಿಗಳ ಮಾಯೆ. ಸಾವಿರ ದ್ರವ್ಯಗಳನ್ನು ಅಳೆದು ಶೇಕಡಾ ಐದರ ನಿಯಮದಿಂದ ಪರೀಕ್ಷಿಸಿದರೆ, ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೂ ಸುಮಾರು ಐವತ್ತು ದ್ರವ್ಯಗಳು ಭಿನ್ನವೆಂದು ಕಾಣುತ್ತವೆ. ಇದಕ್ಕೆ ಬೆಂಜಮಿನಿ ಮತ್ತು ಹಾಕ್‌ಬರ್ಗ್ 1995ರಲ್ಲಿ ಕೊಟ್ಟ ಪರಿಹಾರವುಂಟು. ಇಪ್ಪತ್ತು ಮಂದಿಯ ರಕ್ತ, ಸಾವಿರ ಅಳತೆಗಳು ಎಂದಾದರೆ ರಾಗಿ ಉಂಡವರನ್ನೂ ಅಕ್ಕಿ ಉಂಡವರನ್ನೂ ಬೇರ್ಪಡಿಸುವ ಗೆರೆಯನ್ನು ಗಣಕಯಂತ್ರ ಹೇಗಾದರೂ ಎಳೆದೇ ಎಳೆಯುತ್ತದೆ. ಗುಂಪಿನ ಚೀಟಿಗಳನ್ನು ಮನಬಂದಂತೆ ಕಲಸಿ ಮತ್ತೆ ಮತ್ತೆ ಲೆಕ್ಕ ಹಾಕಬೇಕು. ಆಗಲೂ ಗೆರೆ ಅಷ್ಟೇ ಅಂದವಾಗಿ ಬಂದರೆ ಮೊದಲಿನದಕ್ಕೆ ಬೆಲೆಯಿಲ್ಲ. ಕೆಲವೇ ದಿನಗಳಲ್ಲಿ ಪ್ರಮಾಣಪತ್ರ ಕೊಡುವ ಶಿಬಿರಗಳಲ್ಲಿ ಗುಂಡಿ ಒತ್ತುವುದನ್ನು ಕಲಿಸಬಹುದು. ಬಂದ ಚಿತ್ರವನ್ನು ಶಂಕಿಸುವುದನ್ನು ಕಲಿಸಲು ವರ್ಷವಾದರೂ ಬೇಕು.

ದಾನಿಗಳು ಯಂತ್ರಕ್ಕಾಗಿ ಹಣ ಕೂಡಿಸುವ ಅಗತ್ಯವಿಲ್ಲ. ಕೋಟಿಗಟ್ಟಲೆ ಬೆಲೆಯ ಆ ಯಂತ್ರಗಳು ದೊಡ್ಡ ಸಂಶೋಧನಾಲಯಗಳಲ್ಲಿರುವುದೇ ಯೋಗ್ಯ. ಆರ್ ಎಂಬ ಗಣನಭಾಷೆಗೂ 2009ರಲ್ಲಿ ಬಂದ ಮೆಟಬೊಅನಲಿಸ್ಟ್ ಎಂಬ ಸಾಧನಕ್ಕೂ ಬೆಲೆಯಿಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳ ದತ್ತಾಂಶಗಳು ಅಭ್ಯಾಸಕ್ಕೆ ಮುಕ್ತವಾಗಿವೆ. ದುಡ್ಡು ಬೇಕಾದದ್ದು ಸಂಖ್ಯಾಶಾಸ್ತ್ರವನ್ನು ನಿಧಾನವಾಗಿ ಕಲಿಸುವ ಉಪಾಧ್ಯಾಯರ ವೇತನಕ್ಕೆ, ಕನ್ನಡದಲ್ಲಿ ಪಾಠಗಳನ್ನು ಬರೆಸುವುದಕ್ಕೆ. ಇಂಥ ವಿಷಯ ಕನ್ನಡದಲ್ಲಿ ಸಾಧ್ಯವೇ ಎಂದು ಕೇಳುವವರು ಚಯಾಪಚಯವೆಂಬ ಪದವನ್ನು ಇನ್ನೊಮ್ಮೆ ನೋಡಲಿ.

ಇಲ್ಲಿನ ಮಕ್ಕಳಿಗೆ ಮೊದಲ ಪಾಠವನ್ನು ಗಣಕಯಂತ್ರವಿಲ್ಲದೆಯೇ ಆರಂಭಿಸಬಹುದು. ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ ಒಂದು ವಾರ ಕುಳಿತು, ಹುಳಿಗೆ ಎಷ್ಟು ಮೆಂತ್ಯ ಬಿತ್ತು, ಮೊಸರು ಯಾರ ತಟ್ಟೆಗೆ ಎಷ್ಟು ಹೋಯಿತು, ಕಾಫಿ ಕುಡಿದವರಾರು, ಮುದ್ದೆಯನ್ನು ಅರ್ಧಕ್ಕೇ ಬಿಟ್ಟೆದ್ದವರಾರು ಎಂಬುದನ್ನು ಹೊತ್ತುಗೊತ್ತಿನೊಡನೆ ಬರೆದುಕೊಳ್ಳಲಿ. ರಕ್ತದ ಹನಿಯನ್ನು ಓದುವ ಕಾಲಕ್ಕೆ ಆ ಪುಸ್ತಕ ಪಕ್ಕದಲ್ಲಿರಬೇಕು.